ಇಂಗ್ಲಿಷಿನಲ್ಲಿ ಆಸೆಪಟ್ಟ ಸಾಂಬಯ್ಯ

ತೆನಾಲಿಯ ಲಾಡ್ಜೊಂದರಲ್ಲಿ ಹಾಸಿಗೆ ಕೊಡವುವ ಸಾಂಬಯ್ಯನಿಗೆ ಮುಂಬಾಗಿಲ ಕೌಂಟರಿನ ಕುರ್ಚಿಯೇ ಬೇಕಿತ್ತು. ಇಂಗ್ಲಿಷ್ ಬಂದರೆ ಕೊಡುತ್ತೇನೆಂದಿದ್ದ ಮಾಲೀಕ ವೀರಾಸ್ವಾಮಿ. ಪರೀಕ್ಷೆ ಅಂದು ಸಂಜೆಗೇ.

ಬೆಳಗಿನ ಪಾಠದಲ್ಲಿ ಪ್ರಭುದಾಸ್ ಮೇಷ್ಟ್ರು ‘ಐ ಆಮ್ ಟೆಂಪ್ಟೆಡ್ ಬೈ’ ಎಂದು ಹಲಗೆಯ ಮೇಲೆ ಬರೆದರು. "ಅಂದ್ರೆ, ಇದರ ಮೇಲೆ ನಂಗೆ ಆಸೆ ಆಗಿದೆ ಅಂತ. ಬಾಯಲ್ಲೇ ಇಟ್ಕೊಂಡ್ರೆ ಕೊಳೀತದೆ. ದಾರೀಲಿ ಕಂಡೋರಿಗೆಲ್ಲ ಹೇಳು, ಹೋಗು!"

ಮೊದಲು ಸಿಕ್ಕವಳು ಎಮ್ಮೆಯ ಹಾಲು ಕರೆಯುತ್ತಿದ್ದ ಮಂಗತಾಯಮ್ಮ. ಸಾಂಬಯ್ಯ ಎದೆ ಸೆಟೆಸಿ, "ಐ ಆಮ್ ಟೆಂಪ್ಟೆಡ್ ಬೈ ಯುವರ್ ಬಫೆಲೋ!" ಎಂದು ಅರಚಿದ. ಎಮ್ಮೆ ಬೆಚ್ಚಿ ಒದ್ದ ಒದೆತಕ್ಕೆ ಹಾಲೆಲ್ಲ ಮಣ್ಣುಪಾಲು.

"ಏನಂದ್ಯೋ ಮೂದೇವಿ?"

ಕಾಲೇಜಿಗೆ ಹೊರಟಿದ್ದ ಅವಳ ಮಗಳು ಕಿಸಕ್ಕೆಂದಳು. "ನಮ್ಮ ಎಮ್ಮೆ ಮೇಲೆ ಆಸೆ ಆಗಿದೆಯಂತಮ್ಮಾ."

"ಅಮ್ಮೋ! ದೃಷ್ಟಿ ಹಾಕ್ಬಿಟ್ನಲ್ಲೇ!"

ಪಕ್ಕದ ಅಂಗಳದಲ್ಲಿ ಬುಚ್ಚಯ್ಯ ಆವಕಾಯಿಯ ಜಾಡಿ ಎತ್ತುತ್ತಿದ್ದ. ಸಾಂಬಯ್ಯ ಅದಕ್ಕೂ ಟೆಂಪ್ಟ್ ಆದ. ಮಂಗತಾಯಮ್ಮನ ಕೂಗು ಕೇಳಿದ್ದ ಬುಚ್ಚಯ್ಯ ಅದನ್ನು ಬಚ್ಚಿಡಲು ಗಡಬಡಿಸಿದ. ಜಾಡಿ ಚೂರುಚೂರು.

"ಒರೇಯ್ ಸಾಂಬಾ, ವರ್ಷದ ಉಪ್ಪಿನಕಾಯಿ ತಿಂದ್ಯಲ್ಲೋ ಕಣ್ಣಲ್ಲೇ!"

ಮಧ್ಯಾಹ್ನದ ಹೊತ್ತಿಗೆ ಕೇರಿಗೆ ಕೇರಿಯೇ ಅವನ ಬಾಗಿಲಲ್ಲಿ ಉಪ್ಪು ಮೆಣಸಿನಕಾಯಿ ಸುಟ್ಟಿತು. ಹೊಗೆಯಲ್ಲಿ ಕೆಮ್ಮುತ್ತ ಸಾಂಬಯ್ಯ ಯೋಚಿಸಿದ. ಅವರು ಹೇಳುವುದೇನೂ ಪೂರ್ತಿ ಸುಳ್ಳಲ್ಲ. ಗಟ್ಟಿ ಹಾಲು, ಕೆಂಪು ಆವಕಾಯಿ ಎಂದರೆ ಅವನಿಗೆ ನಿಜವಾಗಿಯೂ ಬಾಯಲ್ಲಿ ನೀರು. ಆದರೆ ತೆಲುಗಿನಲ್ಲಿ ಇದುವರೆಗೆ ಯಾರಲ್ಲೂ ‘ನನಗೆ ಬೇಕು’ ಎಂದವನಲ್ಲ. ಬೇರೆಯವರ ಬೆವರಿನ ಹಾಸಿಗೆ ಕೊಡವುವವನಿಗೆ ಎಂಥ ಆಸೆ ಎಂದು ನಕ್ಕಾರೆಂಬ ನಾಚಿಕೆ. ಪರಭಾಷೆಯಲ್ಲಿ ಆ ನಾಚಿಕೆ ಇರಲಿಲ್ಲ. ಕಣ್ಣು ಉರಿಯುತ್ತಿದ್ದರೂ ಎದೆ ಹಗುರವಾಗಿತ್ತು.

ಸಂಜೆ ಲಾಡ್ಜಿಗೆ ಹೋದರೆ ಸುದ್ದಿ ಅವನಿಗಿಂತ ಮೊದಲೇ ಹೋಗಿ ಕೂತಿತ್ತು.

"ನೀನು ಆಸೆಪಟ್ಟಿದ್ದೆಲ್ಲ ಹಾಳಾಗ್ತದಂತಲ್ಲೋ?" ಎಂದ ವೀರಾಸ್ವಾಮಿ.

"ಸುಳ್ಳು ಅಯ್ಯಗಾರೂ! ಎಮ್ಮೆ ಬೆದರಿದ್ದು..."

"ಬಾಯ್ಮುಚ್ಚು. ಕುರ್ಚಿ ಬೇಕೋ ಬೇಡ್ವೋ?"

ಸಾಂಬಯ್ಯ ಮೊದಲ ಸಲ ತೆಲುಗಿನಲ್ಲೇ ಹೇಳಿದ: "ಬೇಕು."

ವೀರಾಸ್ವಾಮಿ ತಾನೇ ಕುರ್ಚಿ ಹೊತ್ತು ಬೀದಿಗಿಳಿದು, ರಸ್ತೆಯಾಚೆ ಹೊಸದಾಗಿ ಎದ್ದಿದ್ದ ಮೂರಂತಸ್ತಿನ ಲಾಡ್ಜಿಗೆ ಮುಖಮಾಡಿ ಇಟ್ಟ. "ಕೂತ್ಕೋ. ನಾಳೆಯಿಂದ ಹಗಲೆಲ್ಲ ಅದನ್ನೇ ನೋಡಿ ಆಸೆಪಡು. ರಾತ್ರಿ ಹಾಸಿಗೆ ಕೊಡವು. ಸಂಬಳ ಮೊದಲಿನಷ್ಟೇ."

ಸಾಂಬಯ್ಯ ಕೂತ. ಎದುರಿನ ಗಾಜಿನ ಬಾಗಿಲನ್ನು ಎಷ್ಟು ದಿಟ್ಟಿಸಿದರೂ ಮನಸ್ಸು ಅತ್ತ ಹೋಗಲೊಲ್ಲದು. ಬೇಕಾದದ್ದೆಲ್ಲ ಬೆನ್ನ ಹಿಂದೆ, ಕೌಂಟರಿನಲ್ಲಿತ್ತು. ಮೆಲ್ಲಗೆ ಕತ್ತು ಹೊರಳಿಸಿದ.

"ಏಯ್!" ವೀರಾಸ್ವಾಮಿ ಎರಡೂ ಕೈ ಚಾಚಿ ಕೌಂಟರಿಗೆ ಅಡ್ಡ ನಿಂತ. "ಈ ಕಡೆ ನೋಡ್ಬೇಡ್ವೋ, ನಿನ್ನ ಕಾಲಿಗೆ ಬೀಳ್ತೀನಿ!"