ಮೂರು ದಿನದ ರಿಯಾಯಿತಿಯಲ್ಲಿ ಹತ್ತು ಪುಸ್ತಕ

ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಇಪ್ಪತ್ತೆರಡು ವರ್ಷಗಳಿಂದ ನಾನು ಇಳಕಲ್ಲಿನ ನಮ್ಮ ಸೀರೆ ಅಂಗಡಿಯ ಗಾದಿಯ ಮೇಲೆ ಕುಳಿತು, ಬಂದ ಹೆಣ್ಣುಮಕ್ಕಳಿಗೆಲ್ಲ ರಿಯಾಯಿತಿ ಎಂಬ ಸುಳ್ಳನ್ನು ನಗುನಗುತ್ತ ಮಾರಿದವಳು. ಸೀರೆಗೆ ಮೊದಲು ಇನ್ನೂರು ಏರಿಸುವುದು, ಆಮೇಲೆ ಗಿರಾಕಿಯ ಮುಖ ನೋಡಿ ನೂರೈವತ್ತು ಇಳಿಸುವುದು, ಇಳಿಸುವಾಗ ಇವತ್ತು ನಮ್ಮ ಮನೆಯಲ್ಲಿ ಒಲೆ ಹೊತ್ತುವುದೇ ಇಲ್ಲವೇನೋ ಎಂಬಂತೆ ಒಂದು ಉಸಿರು ಬಿಡುವುದು. ಈ ಉಸಿರನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು, ನಮ್ಮ ಅತ್ತೆಯವರು ಕಲಿಸಿದ್ದು. ಅಂಗಡಿಯ ಬಾಗಿಲಿಗೆ ‘ಇನ್ನು ಮೂರೇ ದಿನ’ ಎಂದು ಬರೆದ ಬ್ಯಾನರ್ ಒಂದಿದೆ. ಅದರ ಕೆಂಪು ಬಣ್ಣ ಬಿಸಿಲಿಗೆ ಬೆಳ್ಳಗಾಗಿ, ಅಂಚು ಹರಿದು, ಎರಡು ಸಲ ಹೊಲಿಸಿದ್ದೂ ಆಗಿದೆ, ಆ ಮೂರು ದಿನ ಮಾತ್ರ ಇನ್ನೂ ಮುಗಿದಿಲ್ಲ. ಇಷ್ಟೆಲ್ಲ ತಿಳಿದ ನಾನೇ ರಿಯಾಯಿತಿಯನ್ನು ನಂಬಿದೆ ಎಂದರೆ ನೀವು ನಗಬಹುದು. ನಗಿರಿ, ನಾನೂ ಆಮೇಲೆ ನಕ್ಕಿದ್ದೇನೆ.

ನಂಬುವುದಕ್ಕೆ ಕಾರಣ ನನ್ನ ಪುಸ್ತಕ. ಮೂರು ವರ್ಷಗಳಿಂದ ಮುಂಜಾನೆ ಹತ್ತರಿಂದ ಹನ್ನೆರಡರವರೆಗೆ ನಾನು ಮನೆಯಲ್ಲಿ ಕುಳಿತು ಬರೆಯುತ್ತೇನೆ. ಅಂಗಡಿಯಲ್ಲಿ ಕಂಡ ಕೇಳಿದ ಮಾತುಗಳನ್ನೇ ಹರಟೆ ಮಾಡಿ ಬರೆದು, ‘ಗಾದಿಯ ಮೇಲಿನ ಮಾತು’ ಎಂದು ಹೆಸರಿಟ್ಟೆ. ಅಚ್ಚು ಹಾಕಿಸೋಣವೆಂದು ಬಾಗಲಕೋಟೆಯ ಒಂದು ಮುದ್ರಣಾಲಯಕ್ಕೆ ಹೋದರೆ, ಅಲ್ಲಿಯ ಹಿರಿಯರು ಹಸ್ತಪ್ರತಿಯನ್ನು ತೂಕ ಮಾಡುವವರಂತೆ ಕೈಯಲ್ಲಿ ಹಿಡಿದು, “ಹಾಕಿ ಕೊಡ್ತೇವ್ರಿ ತಂಗಿ. ಆದ್ರ ನಿಮ್ಮ ಮನ್ಯಾಗ ಮಂಚದ ಕೆಳಗ ಜಾಗಾ ಐತೇನು ನೋಡಕೋರಿ” ಅಂದರು. ನಮ್ಮ ಮಂಚದ ಕೆಳಗೆ ಮೊದಲೇ ಸೀರೆಯ ಗಂಟುಗಳು. ಹೀಗಾಗಿ ಜಾಗ ಕೇಳದ ಇ-ಬುಕ್ ಮಾಡಿ, ಆನ್‌ಲೈನ್ ಅಂಗಡಿಯೊಂದರಲ್ಲಿ ನಾನೇ ಇಟ್ಟೆ. ಬೆಲೆ ನೂರೈವತ್ತು ರೂಪಾಯಿ. ನಾಲ್ಕು ತಿಂಗಳಲ್ಲಿ ಒಂದು ಪ್ರತಿ ಹೋಯಿತು. ಕೊಂಡವಳು ಹುನಗುಂದದಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಸ್ಟ್ ಆಗಿರುವ ಸರೋಜಾ, ನಮ್ಮ ಅಂಗಡಿಯ ಹಳೆಯ ಗಿರಾಕಿ.

ಆ ಎರಡು ತಾಸಿನ ಮೇಲೆ ನಮ್ಮ ಮನೆಯವರಿಗೆ ಮೊದಲಿನಿಂದಲೂ ಕಣ್ಣು. ಅವರ ಕಷ್ಟವೂ ಸುಳ್ಳಲ್ಲ. ಹೆಂಗಸರಿಗೆ ಸೀರೆ ತೋರಿಸಬೇಕಾದರೆ ಯಾರಾದರೂ ಟೋಪ್ ಎಂಬ ಕೆಂಪು ರೇಷ್ಮೆ ಸೆರಗನ್ನು ಹೆಗಲ ಮೇಲೆ ಇಳಿಬಿಟ್ಟು ತೋರಿಸಬೇಕು. ನಾನಿಲ್ಲದಾಗ ಆ ಕೆಲಸ ಅವರದು. “ನಾಕು ತಿಂಗಳದಾಗ ಒಂದ ಪುಸ್ತಕ ಹೋಗೈತಿ. ನೀ ಮನ್ಯಾಗ ಬರಕೋತ ಕುಂತಾಗ ನಾ ಇಲ್ಲಿ ಟೋಪ್ ಸೆರಗು ಹೆಗಲ ಮ್ಯಾಲ ಹಾಕ್ಕೊಂಡು ನಿಂದರತೇನಿ. ಬಂದ ಹೆಣ್ಮಕ್ಕಳು ಸೆರಗು ನೋಡೂದಿಲ್ಲ, ನನ್ನ ಮೀಸಿ ನೋಡಿ ನಕ್ಕೋತ ಎದ್ದು ಹೋಗ್ತಾರ” ಎಂದು ಒಂದು ದಿನ ಊಟದ ಹೊತ್ತಿನಲ್ಲಿ ಸಿಟ್ಟು ಕಾರಿದರು. ಆಮೇಲೆ ರೊಟ್ಟಿ ಮುರಿಯುತ್ತ ವ್ಯಾಪಾರಕ್ಕೇ ಇಳಿದರು. “ಒಂದು ಮಾತು ಹೇಳ್ತೇನಿ. ಮೂರು ದಿನದಾಗ ಹತ್ತು ಪುಸ್ತಕ ಮಾರಿ ತೋರಸು. ಮಾರಿದ್ರ ಆ ಎರಡು ತಾಸು ನಿಂದು, ನಾ ತುಟಿ ಪಿಟಕ್ ಅನ್ನೂದಿಲ್ಲ. ಆಗಲಿಲ್ಲಂದ್ರ ಮರುದಿನದಿಂದ ಹತ್ತಕ್ಕ ನನ್ನ ಜೋಡಿ ಬಂದು ಅಂಗಡಿ ಬಾಗಲಾ ತಗೀಬೇಕು.” ನಾನು ಹೂಂ ಅಂದೆ. ಹೆಣ್ಣುಮಗಳಿಗೆ ಮಕ್ಕಳಿಂದ, ಒಲೆಯಿಂದ, ಗಿರಾಕಿಯಿಂದ ಕದ್ದ ಎರಡು ತಾಸು ಅಂದರೆ ಏನೆಂದು ಗಂಡಸರಿಗೆ ಹೇಗೆ ತಿಳಿಸುವುದು? ಅದು ಹೋದರೆ ನಾನು ಇನ್ನು ಸಾಯುವತನಕ ಸೆರಗು ತೋರಿಸುವವಳೇ.

ನನಗೆ ಧೈರ್ಯ ಕೊಟ್ಟಿದ್ದು ಒಂದು ವೀಡಿಯೊ. ಅದರಲ್ಲಿ ಮಾರ್ಗದರ್ಶಕರೆಂಬ ತರುಣನೊಬ್ಬ, ಇ-ಬುಕ್ ಮಾರಬೇಕಾದರೆ ಸೀಮಿತ ಅವಧಿಯ ರಿಯಾಯಿತಿ ಕೊಡಿ, ಸಮಯ ಮುಗಿದುಹೋಗುತ್ತದೆ ಎಂಬ ಭಯ ಹುಟ್ಟಿಸಿ, ಜನ ಮುಗಿಬೀಳುತ್ತಾರೆ ಎಂದು ಹೇಳುತ್ತಿದ್ದ. ಪೂರ್ತಿ ಗುಟ್ಟು ತಿಳಿಯಬೇಕಾದರೆ ಅವನ ತರಗತಿಗೆ ಸೇರಬೇಕು. ಅದರ ಬೆಲೆ ಒಂಬತ್ತು ಸಾವಿರ, ಆದರೆ ಇನ್ನು ಇಪ್ಪತ್ತು ನಿಮಿಷದೊಳಗೆ ಸೇರಿದರೆ ಐನೂರು. ಪರದೆಯ ಮೇಲೆ ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ನಾನು ಅದನ್ನು ಮುಚ್ಚಿ, ಸಾರಿಗೆ ಒಗ್ಗರಣೆ ಕೊಟ್ಟು ಬಂದು ಮತ್ತೆ ತೆರೆದರೆ ಗಡಿಯಾರ ಮತ್ತೆ ಇಪ್ಪತ್ತರಿಂದಲೇ ಶುರುವಾಗಿತ್ತು. ಇದು ನಮ್ಮ ಬ್ಯಾನರಿನ ಒಡಹುಟ್ಟಿದ ತಮ್ಮ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾದಮೇಲೂ ಐನೂರು ಕೊಟ್ಟೆ. ಮಾರಲಾಗದ ಲೇಖಕರಿಗೆ ಮಾರುವ ವಿದ್ಯೆ ಮಾರಿ ಬದುಕುವವರೇ ಈ ಕಾಲದ ನಿಜವಾದ ಲೇಖಕರು ಎಂಬ ಮಾತು ತಲೆಗೆ ಹೊಳೆದದ್ದು ದುಡ್ಡು ಹೋದಮೇಲೆ.

ಅವನು ಕಲಿಸಿದ್ದಕ್ಕೆ ನಾನು ನಮ್ಮ ಅಂಗಡಿಯ ವಿದ್ಯೆಯನ್ನೂ ಕೂಡಿಸಿದೆ. ಬುಧವಾರ ಪುಸ್ತಕದ ಬೆಲೆಯನ್ನು ಮುನ್ನೂರಕ್ಕೆ ಏರಿಸಿದೆ. ಶುಕ್ರವಾರ ಅದರ ಮೇಲೆ ಗೀಟು ಎಳೆದು ನಲವತ್ತೊಂಬತ್ತಕ್ಕೆ ಇಳಿಸಿದೆ. ನನ್ನ ಫೋನಿನಲ್ಲಿ ಇರುವ ಅಷ್ಟೂ ಗ್ರೂಪುಗಳಿಗೆ, ಬೀಗರು, ನೆಂಟರು, ನೇಕಾರರು, ಹಾಲಿನವರು ಎನ್ನದೆ, ‘ಇನ್ನು ಮೂರೇ ದಿನ’ ಎಂದು ಸಂದೇಶ ಕಳಿಸಿ, ಆ ಮೂರು ದಿನದ ಮಟ್ಟಿಗೆ ಬರೆಯುವುದನ್ನು ಬಿಟ್ಟು, ಗಾದಿಯ ಮೇಲೆ ಫೋನು ಇಟ್ಟುಕೊಂಡು ಕುಳಿತೆ. ಮುಂಜಾನೆಯಿಂದ ಸಂಜೆಯವರೆಗೆ ಹೆಬ್ಬೆರಳುಗಳು ಬಂದವು, ಮುಗಿದ ಕೈಗಳು ಬಂದವು, ಹೂಗುಚ್ಛಗಳು ಬಂದವು. ಒಬ್ಬರು ಯಾರೋ ತೀರಿಕೊಂಡಿದ್ದಾರೆಂದು ತಿಳಿದು ‘ಶಿವಸಾಯುಜ್ಯ ಸಿಗಲಿ’ ಎಂದೂ ಕಳಿಸಿದರು. ಆರು ಜನ ‘ಪಿಡಿಎಫ್ ಇದ್ರ ಕಳಸ್ರಿ’ ಅಂದರು. ಮಾರಾಟದ ಪುಟದಲ್ಲಿ ಮಾತ್ರ ಬೆಳಿಗ್ಗೆ ಇದ್ದ ಸೊನ್ನೆ ಸಂಜೆಗೂ ಹಾಗೇ ಇತ್ತು.

ಬಾದಾಮಿಯಿಂದ ನನ್ನ ನಾದಿನಿ ಫೋನು ಮಾಡಿದಳು. “ವೈನಿ, ಭಾಳ ಖುಷಿ ಆತು ನೋಡ್ರಿ. ನಮ್ಮ ಮನಿತನದಾಗ ಯಾರೂ ಬುಕ್ ಬರದಿದ್ದಿಲ್ಲ.” ತಗೊಂಡೆಯೇನವ್ವಾ ಎಂದು ಕೇಳಿದೆ. “ಈಗ್ಯಾಕ್ರಿ? ಮುನ್ನೂರದ್ದು ನಲವತ್ತೊಂಬತ್ತಕ್ಕ ಬಂದೈತಂದ್ರ ದೀಪಾವಳಿಗೆ ಪುಕ್ಕಟ ಆಗ್ತೈತಿ. ಆವಾಗ ತಗೋತೇನಿ. ಗಡಬಡಿ ಏನೈತಿ?” ಸೀರೆ ಕೊಳ್ಳಲು ಬಂದಿದ್ದ ಗುಡೂರಿನ ಹೆಣ್ಣುಮಗಳೊಬ್ಬಳು ನನ್ನ ಹೆಗಲ ಮೇಲಿಂದ ಫೋನು ನೋಡಿ, ದನಿ ತಗ್ಗಿಸಿ, “ಇಷ್ಟ್ಯಾಕ ಇಳಿಸೀರಿ ಅಕ್ಕಾರ? ಒಳಗ ಏನರ ಡ್ಯಾಮೇಜ್ ಐತೇನು?” ಎಂದು ಕೇಳಿದಳು. ಅವಳ ತಪ್ಪಿಲ್ಲ. ಮೂಸಿ ನೋಡಿ ಕೊಳ್ಳುವುದನ್ನು ನಾವೇ ಕಲಿಸಿದ್ದೇವೆ. ವರ್ಷಗಟ್ಟಲೆ ಸುಳ್ಳು ರಿಯಾಯಿತಿ ತಿಂದ ಜನ ಖರೆ ರಿಯಾಯಿತಿಯನ್ನು ನಂಬಲಿಲ್ಲ, ನನ್ನದಂತೂ ಖರೆಯೂ ಆಗಿರಲಿಲ್ಲ. ಸಂಜೆ ನಮ್ಮ ಮನೆಯವರು ಅಂಗಡಿಯ ಕೀಲಿಕೈ ಗೊಂಚಲನ್ನು ನನ್ನ ಮುಂದೆ ಇಟ್ಟು ನಕ್ಕರು. ನನಗೆ ಅಳು ಬಂತು. ಅಡುಗೆಮನೆಗೆ ಹೋಗಿ ಉಳ್ಳಾಗಡ್ಡಿ ಹೆಚ್ಚುತ್ತ ಅತ್ತುಬಿಟ್ಟೆ, ಯಾಕೆಂದು ಯಾರೂ ಕೇಳಲಿಲ್ಲ.

ಎರಡನೆಯ ದಿನ ಅಂಗಡಿ ತೆರೆದು ಕಸ ಹೊಡೆಯುವುದರೊಳಗೆ ಹುನಗುಂದದ ಬಸ್ಸಿಗೆ ಸರೋಜಾ ಬಂದು ಇಳಿದಳು. ನನ್ನ ಏಕೈಕ ಓದುಗಿ ಅಷ್ಟು ದೂರದಿಂದ ಬಂದಳಲ್ಲ ಎಂದು ನಾನು ಉಬ್ಬಿ, “ಬರ್ರಿ ಬರ್ರಿ, ಓದಿದ್ರೇನು?” ಅಂದೆ. “ಓದೂದು ಆಮ್ಯಾಲಿನ ಮಾತು ಅಕ್ಕಾರ, ಮೊದಲ ನನ್ನ ಫರಕ್ ಕೊಡ್ರಿ” ಎಂದು ಅವಳು ಚಪ್ಪಲಿ ಬಿಟ್ಟು ಗಾದಿಯ ಮೇಲೆ ಕುಳಿತಳು. “ಇದು ಯಾವ ನ್ಯಾಯರಿ? ಪ್ರೀತಿಲೆ ಮೊದಲ ತಗೊಂಡಾಕಿಗೆ ನೂರೈವತ್ತು, ಈಗ ಬಂದವರಿಗೆ ನಲವತ್ತೊಂಬತ್ತು? ಸೀರಿ ರೇಟ್ ಇಳದ್ರ ಹಳೇ ಗಿರಾಕಿಗೆ ಫರಕ್ ಕೊಡೂದು ನಿಮ್ಮ ಅಂಗಡಿ ಪದ್ಧತಿ ಹೌದೋ ಅಲ್ಲೋ?” ಪದ್ಧತಿ ಹೌದು. ಇಳಿದ ಬೆಲೆಯ ವ್ಯತ್ಯಾಸವನ್ನು ಮರಳಿಸುವುದು ನಮ್ಮ ಮಾವನವರ ಕಾಲದಿಂದ ಬಂದದ್ದು. ಅದು ಸೀರೆಗೆ, ಪುಸ್ತಕಕ್ಕಲ್ಲ ಎಂದು ಹೇಳಲು ಬಾಯಿ ತೆರೆದೆ, ಆದರೆ ಅವಳು ವಕೀಲರ ಆಫೀಸಿನಲ್ಲಿ ಹದಿನೈದು ವರ್ಷ ನೋಟೀಸು ಟೈಪು ಮಾಡಿದವಳು. ನಮ್ಮ ಮನೆಯವರಿಗೆ ಇಂಥ ತಮಾಷೆ ನೋಡಿ ಎಷ್ಟು ದಿನವಾಗಿತ್ತೋ, “ಕೊಡಬೇಕಲ್ಲ ಮತ್ತ, ಪದ್ಧತಿ ಅಂದ್ರ ಪದ್ಧತಿ” ಎಂದು ಅವಳ ಪರವಾಗಿ ನಿಂತರು.

ಕೊಡೋಣ ಎಂದರೆ ಇನ್ನೊಂದು ಪದ್ಧತಿ ಅಡ್ಡ ಬಂತು. ಬೋಣಿಗೆ, ಅಂದರೆ ದಿನದ ಮೊದಲ ವ್ಯಾಪಾರ, ಆಗುವ ಮೊದಲು ಗಲ್ಲಾದಿಂದ ಒಂದು ರೂಪಾಯಿಯೂ ಹೊರಗೆ ಹೋಗಬಾರದು. ಹೋದರೆ ಆ ದಿನ ವ್ಯಾಪಾರ ಹರಿದ ಚೀಲವೆಂದೇ ಲೆಕ್ಕ. ಅವಳೋ ಮರಳಿ ಬಸ್ಸು ಹಿಡಿದು ಹನ್ನೊಂದಕ್ಕೆ ಆಫೀಸು ಮುಟ್ಟಬೇಕು. ಬೋಣಿಗೆ ಆಗುವವರೆಗೆ ಅವಳು ಕೂರುವುದಿಲ್ಲ, ದುಡ್ಡು ಇಲ್ಲದೆ ಅವಳು ಏಳುವುದಿಲ್ಲ. ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಿದರೆ ನಮ್ಮ ಅತ್ತೆ ತಾವಿರುವ ಅಂಗಡಿಯ ಮಾಳಿಗೆಯಿಂದ ಇಳಿದು ಬರುತ್ತಾರೆ. ಕಡೆಗೆ ನಾನು ಕಪಾಟಿನಿಂದ ಗುಳೇದಗುಡ್ಡದ ಒಂದು ಕುಪ್ಪಸದ ಖಣ ತೆಗೆದು, ಅರಿಶಿನ ಕುಂಕುಮ ಹಚ್ಚಿ ಅವಳ ಕೈಗೆ ಕೊಟ್ಟೆ. ಅವಳು ಖಣವನ್ನು ಬೆಳಕಿಗೆ ಹಿಡಿದು ನೋಡಿ, ಬೆರಳಿನಿಂದ ತಿಕ್ಕಿ, ಎರಡೂ ಅಂಚು ಜಗ್ಗಿ ನೋಡಿ, “ಹಿಂಗ ಅಂದ್ರ ಸರಿ” ಎಂದು ಎದ್ದಳು. ನನ್ನ ಪುಸ್ತಕವನ್ನು ಯಾರೂ ಅಷ್ಟು ಗಮನವಿಟ್ಟು ನೋಡಿದ್ದಿಲ್ಲ.

ಬಸ್ಸಿನಲ್ಲಿ ಕುಳಿತು ಅವಳು ತಮ್ಮ ಮಹಿಳಾ ಸಂಘದ ಗ್ರೂಪಿಗೆ ಖಣದ ಫೋಟೋ ಹಾಕಿದ್ದಾಳೆ. ಕೆಳಗೆ ಒಂದೇ ಸಾಲು: ‘ಇಳಕಲ್ಲದಾಗ ನಲವತ್ತೊಂಬತ್ತರ ಮೊಬೈಲ್ ಬುಕ್ ತಗೊಂಡ್ರ ಖಣ ಕೊಡ್ತಾರ. ನಾಳೆ ಕಡೀ ದಿನ.’ ಐನೂರು ತೆಗೆದುಕೊಂಡ ನನ್ನ ಗುರು ಕಲಿಸಿದ್ದನ್ನೆಲ್ಲ ಅವಳು ಪುಕ್ಕಟೆಯಾಗಿ, ಒಂದು ಸಾಲಿನಲ್ಲಿ ಮಾಡಿದ್ದಳು.

ಮೂರನೆಯ ದಿನ ನಮ್ಮ ಅಂಗಡಿ ಕಟ್ಟೆಯ ಮೇಲೆ ಹುನಗುಂದದವರು ಐದು ಜನ, ಕಮತಗಿಯವರು ನಾಲ್ಕು ಜನ ಹತ್ತಕ್ಕೇ ಬಂದು ಕುಳಿತಿದ್ದರು. ನಾನು ಇಂಥದ್ದೊಂದು ಯೋಜನೆ ಮಾಡಿಯೇ ಇಲ್ಲ ಎಂದು ಹೇಳಬಹುದಿತ್ತು. ಹೇಳಬೇಕಿತ್ತು ಕೂಡ. ಆದರೆ ನನ್ನ ಎರಡು ತಾಸು ಕಣ್ಣ ಮುಂದೆ ಬಂದು ನಿಂತವು, ನಾನು ಖಣದ ಕಟ್ಟು ಬಿಚ್ಚಿದೆ. ಪುಸ್ತಕ ಕೊಳ್ಳುವುದು ಹೇಗೆಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಒಬ್ಬೊಬ್ಬರ ಫೋನನ್ನೂ ನಾನೇ ಇಸಿದುಕೊಂಡು, ನನ್ನ ಪುಸ್ತಕವನ್ನು ನಾನೇ ಹುಡುಕಿ, ಒತ್ತುವಲ್ಲಿ ಅವರ ಬೆರಳು ಹಿಡಿದು ಒತ್ತಿಸಿದೆ. “ಪುಸ್ತಕ ಎಲ್ಲೈತ್ರಿ?” ಎಂದು ಒಬ್ಬರು ಕೇಳಿದರು. ಇಲ್ಲೇ, ಫೋನಿನ ಒಳಗೆ ಎಂದೆ. “ಜಾಗಾ ಭಾಳ ಹಿಡೀತೈತೇನು? ಮೊಮ್ಮಗನ ಫೋಟೋ ಹೋಗಬಾರದ್ರಿ ಮತ್ತ.” ಇಲ್ಲವೆಂದೆ. ಕಮತಗಿಯ ಹಿರಿಯರೊಬ್ಬರು ಖಣವನ್ನು ಚೀಲದೊಳಗೆ ಇಟ್ಟುಕೊಂಡು, ಬಹಳ ಸೌಜನ್ಯದಿಂದ, “ಮನಿಗೆ ಹೋದಮ್ಯಾಲ ಪುಸ್ತಕಾ ಫೋನದಾಗಿಂದ ತಗದ್ರ ನಡೀತೈತೇನವ್ವಾ? ಖಣ ಹೊಳ್ಳಿ ಕೇಳೂದಿಲ್ಲಲ್ಲ?” ಎಂದರು. ಕೇಳುವುದಿಲ್ಲ ಎಂದು ನಾನು ಅಷ್ಟೇ ಸೌಜನ್ಯದಿಂದ ಹೇಳಿದೆ. ಲೇಖಕಿಯಾಗಿ ಅದಕ್ಕಿಂತ ಹೆಚ್ಚು ಅಪಮಾನ ನನಗೆ ಆದದ್ದಿಲ್ಲ, ಅದಕ್ಕಿಂತ ಹೆಚ್ಚು ಪುಸ್ತಕ ಮಾರಿದ್ದೂ ಇಲ್ಲ.

ಮಧ್ಯಾಹ್ನ ಇನ್ನಿಬ್ಬರು ಬಂದು, ಸಂಜೆಗೆ ಹನ್ನೊಂದು ಪುಸ್ತಕ ಹೋಗಿದ್ದವು. ಪುಸ್ತಕದ ಬೆಲೆಗಿಂತ ಖಣದ ಬೆಲೆ ಹೆಚ್ಚು, ಅಂದರೆ ನನ್ನ ಪುಸ್ತಕ ಒಯ್ಯಿರೆಂದು ಜನರಿಗೆ ನಾನೇ ಕೂಲಿ ಕೊಟ್ಟಂತಾಯಿತು. ನಮ್ಮ ಮನೆಯವರು ಕಪಾಟಿನಲ್ಲಿ ಖಾಲಿಯಾದ ಜಾಗವನ್ನು ನೋಡಿದರು, ನನ್ನನ್ನು ನೋಡಿದರು, ಏನೋ ಹೇಳಲು ಹೊರಟು ನಿಂತರು. ಬಂದವರಲ್ಲಿ ಮೂವರು ಖಣಕ್ಕೆ ಒಪ್ಪುವ ಸೀರೆಯನ್ನೂ ಒಯ್ದಿದ್ದರು, ಹೀಗಾಗಿ ವ್ಯಾಪಾರಿಯ ಬಾಯಿ ಕಟ್ಟಿತ್ತು. “ಮಾತು ಅಂದ್ರ ಮಾತು. ಎರಡು ತಾಸು ನಿಂದು” ಎಂದು ಕೀಲಿಕೈ ಗೊಂಚಲನ್ನು ತಾವೇ ಎತ್ತಿಕೊಂಡರು. “ಮುಂದಿನ ಪುಸ್ತಕ ಶ್ರಾವಣಕ್ಕ ಆಗ್ತೈತೇನು? ಆವಾಗ ಗಿರಾಕಿ ಭಾಳ ಇರ್ತಾವ” ಎಂದೂ ಸೇರಿಸಿದರು.

ಮರುದಿನ ಹತ್ತಕ್ಕೆ ಅವರು ಅಂಗಡಿಗೆ ಹೋದರು. ಮನೆಯಲ್ಲಿ ಯಾರೂ ಇರಲಿಲ್ಲ, ಹೋರಾಡಿ ಗೆದ್ದ ಎರಡು ತಾಸು ನನ್ನ ಮುಂದಿದ್ದವು. ಬರೆಯಲು ಕುಳಿತವಳು ಒಂದು ಸಲ, ಒಂದೇ ಸಲ ಎಂದು ಪುಸ್ತಕದ ಪುಟ ತೆರೆದು ನೋಡಿದೆ. ಮೊಟ್ಟಮೊದಲ ವಿಮರ್ಶೆ ಬಂದಿತ್ತು. ಐದರಲ್ಲಿ ನಾಲ್ಕು ಚುಕ್ಕಿ. ಕನ್ನಡಕ ಒರೆಸಿಕೊಂಡು ಓದಿದೆ: ‘ಖಣ ಛಲೋ ಐತಿ. ತೊಳದ್ರೂ ಬಣ್ಣ ಬಿಟ್ಟಿಲ್ಲ. ಅಳತಿ ನಾಕು ಬೆರಳು ಕಡಿಮಿ ಬಿದ್ದಿದ್ದಕ್ಕ ಒಂದು ಚುಕ್ಕಿ ತಗದೇನಿ.’

ಆ ಎರಡು ತಾಸಿನಲ್ಲಿ ನಾನು ಒಂದಕ್ಷರವೂ ಬರೆಯಲಿಲ್ಲ. ಆ ಮೂರು ಸಾಲನ್ನೇ ಮತ್ತೆ ಮತ್ತೆ ಓದಿದೆ, ಯಾಕೆಂದರೆ ನನ್ನ ಪುಸ್ತಕದ ಕೆಳಗೆ ಯಾರಾದರೂ ಏನಾದರೂ ಬರೆದದ್ದು ಅದೇ ಮೊದಲು. ಹನ್ನೆರಡಕ್ಕೆ ಅಂಗಡಿಗೆ ಹೋಗಿ, ಅಕ್ಷರಗಳ ಮೇಲೆ ಹೆಬ್ಬೆರಳು ಅಡ್ಡ ಇಟ್ಟುಕೊಂಡು ನಮ್ಮ ಮನೆಯವರಿಗೆ ಚುಕ್ಕಿಗಳನ್ನಷ್ಟೇ ತೋರಿಸಿದೆ. ಅವರು ಎಣಿಸಿ ನೋಡಿ, “ಭೇಷ್. ಇನ್ನೊಂದು ಯಾಕ ಕಡಿಮಿ ಆತು?” ಅಂದರು.

“ಪೂರಾ ಹೊಗಳಿದ್ರ ದೃಷ್ಟಿ ತಾಗತೈತ್ರಿ” ಅಂದೆ.