ಒಂದು ಗೇಣು ಮೇಲಿನ ಪ್ರವಾಸ

ಸಂಚಾರಿ ನೇತ್ರ ತಪಾಸಣಾ ಇಲಾಖೆಯಲ್ಲಿ ಒಂದು ಹಳೆಯ ಕ್ಯಾಂಪರ್ ವ್ಯಾನು ಇದ್ದು, ಅದು ಸಂಚರಿಸುತ್ತಿರಲಿಲ್ಲ. ಇದನ್ನು ಯಾರೂ ದೋಷವೆಂದು ಭಾವಿಸಿರಲಿಲ್ಲ. ಒಳಗೆ ಮಲಗಲು ಮಂಚ, ಪುಟ್ಟ ಒಲೆ, ನೀರಿನ ಟ್ಯಾಂಕು, ಕಣ್ಣು ಪರೀಕ್ಷೆಯ ಅಕ್ಷರಗಳ ಫಲಕ, ಎಲ್ಲವೂ ಇದ್ದವು. ದೂರದ ಹಳ್ಳಿಗಳಿಗೆ ಹೋಗಿ, ಅಲ್ಲೇ ತಂಗಿ, ಜನರ ಕಣ್ಣು ನೋಡಿ ಕನ್ನಡಕ ಕೊಟ್ಟು ಬರಬೇಕೆಂಬುದು ಅದನ್ನು ಕೊಂಡವರ ಉದ್ದೇಶ. ಕೊಂಡವರು ನಿವೃತ್ತರಾದರು, ಅವರ ಹಿಂದೆಯೇ ಉದ್ದೇಶವೂ ಹೋಯಿತು.

ವ್ಯಾನಿನ ಚಾಲಕನಿಗೆ ಕಚೇರಿಯವರು ಇಟ್ಟ ಹೆಸರು ನಿಧಾನಪ್ಪ. ಅವನೊಬ್ಬನಿಗೆ ಮಾತ್ರ ವ್ಯಾನು ಹೊರಡಬೇಕಾಗಿತ್ತು. ಅವನ ಅಕ್ಕ ಗುಡ್ಡದಾಚೆಯ ಹಳ್ಳಿಯಲ್ಲಿ ಬಟ್ಟೆ ಹೊಲಿದು ಬದುಕುವವಳು. ಈಚೆಗೆ ಅವಳಿಗೆ ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ.

"ನಿನ್ನ ವ್ಯಾನು ಯಾವಾಗ ಬರತ್ತೋ? ಮೊನ್ನೆ ಒಬ್ಬರ ಅಂಗಿ ತೋಳನ್ನ ತಿರುಗಾಮುರುಗಾ ಹೊಲಿದುಬಿಟ್ಟೆ. ಹೀಗೇ ಆದ್ರೆ ಯಾರು ಬಟ್ಟೆ ಕೊಡ್ತಾರೆ?" ಎಂದು ಫೋನಿನಲ್ಲಿ ಗೋಳಾಡುತ್ತಿದ್ದಳು.

"ಟೈರು ಬಂದ ತಕ್ಷಣ ಅಕ್ಕಾ," ಎನ್ನುತ್ತಿದ್ದ ನಿಧಾನಪ್ಪ.

ಅವಳೇ ಬಸ್ಸು ಹತ್ತಿ ಕಚೇರಿಗೆ ಬರಬಹುದಿತ್ತಲ್ಲ ಎಂದರೆ, ಅದಕ್ಕೆ ಅವಕಾಶವಿರಲಿಲ್ಲ. ಇಲಾಖೆ ಸಂಚಾರಿಯಾದ್ದರಿಂದ ಹೋದಲ್ಲಿ ಕಣ್ಣು ನೋಡಬಹುದೇ ಹೊರತು, ಬಂದವರ ಕಣ್ಣು ನೋಡುವಂತಿಲ್ಲ.

ಟೈರುಗಳ ವಿಷಯ ಹೀಗಿತ್ತು. ನೆಲ ಕಚ್ಚುವ ಗೀರುಗಳು ಹೊಸ ಟೈರಿನಷ್ಟೇ ಆಳವಾಗಿದ್ದವು. ಆದರೆ ವರ್ಷಗಟ್ಟಲೆ ಬಿಸಿಲಲ್ಲಿ ನಿಂತು, ಟೈರಿನ ಬದಿಗಳು ಒಡೆದ ಹಿಮ್ಮಡಿಯಂತೆ ಬಿರುಕು ಬಿಟ್ಟಿದ್ದವು. ಟೈರು ಅಂಗಡಿಯವನನ್ನು ಕರೆಸಿದರು. ಅವನು ಬಿರುಕಿನೊಳಗೆ ಉಗುರು ತೂರಿಸಿ ನೋಡಿದ.

"ಸಾರ್, ಇದು ಮನೆ ಹೊತ್ಕೊಂಡಿರೋ ಗಾಡಿ. ಕಾರಿನ ಟೈರು ಹಾಕಿದ್ರೆ ತಡೆಯಲ್ಲ. ಭಾರದ ಗಾಡಿಗೆ ಅಂತಲೇ ಮಾಡಿದ್ದು, ಅದೂ ಈಚೆಗೆ ತಯಾರಾದದ್ದು ಹಾಕಿ. ಇದರಲ್ಲಂತೂ ರಸ್ತೆಗೆ ಇಳೀಲೇಬೇಡಿ. ಎಲ್ಲಿ ಢಮಾರ್ ಅನ್ನತ್ತೋ ದೇವರಿಗೇ ಗೊತ್ತು."

ಕೂಡಲೇ ಟೈರು ಆಯ್ಕೆ ಸಮಿತಿ ರಚನೆಯಾಯಿತು. ಪಕ್ಷಪಾತಕ್ಕೆ ಎಡೆಯಾಗಬಾರದೆಂದು, ಗಾಡಿ ಓಡಿಸಲು ಬರುವವರನ್ನು ಸಮಿತಿಗೆ ಸೇರಿಸಿಕೊಳ್ಳಲಿಲ್ಲ. ಒಬ್ಬ ಸದಸ್ಯರು ಟ್ರ್ಯಾಕ್ಟರಿನ ಟೈರು ನೋಡಲು ಗಂಭೀರವಾಗಿದೆ ಎಂದರು. ಇನ್ನೊಬ್ಬರು ಯಾವ ಕಂಪನಿಗೂ ಅನ್ಯಾಯವಾಗದಂತೆ ಒಂದೊಂದು ಚಕ್ರಕ್ಕೆ ಒಂದೊಂದು ಕಂಪನಿಯ ಟೈರು ಹಾಕಬೇಕೆಂದು ವಾದಿಸಿದರು. ಕೊನೆಗೆ, ಭಾರ ತಡೆಯುವ ಟೈರೇ ಎಲ್ಲಕ್ಕಿಂತ ದುಬಾರಿಯೂ ಆಗಿದೆಯೆಂದು ಗೊತ್ತಾಗಿ, ಸುರಕ್ಷತೆಯ ದೃಷ್ಟಿಯಿಂದ ಅದನ್ನೇ ಸರ್ವಾನುಮತದಿಂದ ಆರಿಸಲಾಯಿತು.

ಫೈಲು ಲೆಕ್ಕಾಧಿಕಾರಿ ಮೇಡಂ ಬಳಿ ಹೋಗಿ ಕೂತಿತು. ನಿಧಾನಪ್ಪ ಹೋಗಿ ಬಾಗಿಲಲ್ಲಿ ನಿಂತ.

"ಗೀರು ಸವೆದೇ ಇಲ್ವಲ್ಲಪ್ಪ," ಎಂದರು ಮೇಡಂ. "ನಿಗದಿತ ದೂರ ಓಡದ ಟೈರು ಬದಲಾಯಿಸಿದ್ರೆ ಅದು ದುಂದುವೆಚ್ಚ."

"ಬಿರುಕು ಬಿಟ್ಟಿದೆ ಮೇಡಂ."

"ಬಿರುಕಿಗೆ ಕಾಲಮ್ಮಿಲ್ಲ. ಓಡಿಸಿ, ಆಮೇಲೆ ಬನ್ನಿ."

"ಓಡಿಸಿದ್ರೆ ಒಡೆದುಹೋಗತ್ತೆ."

"ಒಡೆದ್ರೆ ಅದು ಅಪಘಾತ. ಅದಕ್ಕೆ ಬೇರೆ ಫೈಲಿದೆ," ಎಂದು ಮೇಡಂ ಅನುಕಂಪದಿಂದಲೇ ಹೇಳಿದರು.

ಹುಚ್ಚು ಬಿಡುವ ತನಕ ಮದುವೆಯಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ. ಇಂಥ ಗಂಟುಗಳನ್ನು ಬಿಡಿಸಲೆಂದೇ ಇಲಾಖೆಗೊಬ್ಬ ನಿರ್ದೇಶಕರಿರುತ್ತಾರೆ. ಸಾಹೇಬರು ಒಂದು ಮಧ್ಯಾಹ್ನ ಕಣ್ಣು ಮುಚ್ಚಿ ಯೋಚಿಸಿ, ಎದ್ದ ಮೇಲೆ ಸುತ್ತೋಲೆ ಹೊರಡಿಸಿದರು:

"ಸಮಸ್ತ ಸಿಬ್ಬಂದಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸದರಿ ವಾಹನವನ್ನು ನೆಲದಿಂದ ಒಂದು ಗೇಣು ಮೇಲೆತ್ತಿ, ಇಟ್ಟಿಗೆಗಳ ಮೇಲೆ ಭದ್ರವಾಗಿ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ, ನಿಗದಿತ ದೂರವನ್ನು ಕ್ರಮಿಸತಕ್ಕದ್ದು. ಮೀಟರು ತೋರಿಸಿದ ದೂರವನ್ನು ಹೋದ ದೂರವೆಂದೇ ಪರಿಗಣಿಸತಕ್ಕದ್ದು. ವಾಹನವು ಚಲನೆಯಲ್ಲಿರುವಾಗ ಯಾರೂ ಕೆಳಗಿಳಿಯಕೂಡದು."

ದೂರ ಕ್ರಮಿಸಿದರೆ ಅದು ಪ್ರವಾಸ. ಪ್ರವಾಸವೆಂದ ಮೇಲೆ ಭತ್ಯೆ ಉಂಟು. ಇದು ತಿಳಿದ ಮೇಲೆ ವ್ಯಾನಿನಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಕಣ್ಣಿನ ಡಾಕ್ಟರಮ್ಮ ಮಂಚದ ಮೇಲೆ ಮಲಗಿ, "ಊರು ಬಂದ್ರೆ ಎಬ್ಬಿಸಪ್ಪ," ಎನ್ನುವರು. ಸಾಹೇಬರು ಕಿಟಕಿಯ ಪಕ್ಕವೇ ಬೇಕೆಂದರು. ಹಿಂದಿನ ಚಕ್ರಗಳು ಗಾಳಿಯಲ್ಲಿ ಗಿರಗಿರನೆ ತಿರುಗುತ್ತಿದ್ದವು. ನಿಧಾನಪ್ಪ ಸ್ಟಿಯರಿಂಗ್ ಹಿಡಿದು, ಎದುರಿನ ಕಾಂಪೌಂಡು ಗೋಡೆಯನ್ನು ದಿಟ್ಟಿಸುತ್ತ, ಬೆಳಗಿನಿಂದ ಸಂಜೆವರೆಗೆ ಹೋಗುತ್ತಿದ್ದ.

ಮೀಟರಿನ ಪ್ರಕಾರ ಹಳ್ಳಿ ಬಂದಾಗ ಎಂಜಿನ್ ನಿಲ್ಲಿಸಿ ಬಾಗಿಲು ತೆರೆಯುವರು. ಡಾಕ್ಟರಮ್ಮ ತಲೆ ಹೊರಹಾಕಿ, "ಯಾರಾದ್ರೂ ಇದ್ದೀರಾ?" ಎಂದು ಕೇಳುವರು. ಅಂಗಳದಲ್ಲಿ ಗಿಡಕ್ಕೆ ನೀರು ಹಾಕುವ ಮಾಲಿಯೊಬ್ಬನೇ ಇರುತ್ತಿದ್ದ. ಅವನು ಆ ಹಳ್ಳಿಯವನಲ್ಲ. "ದೃಷ್ಟಿದೋಷವುಳ್ಳವರು ಯಾರೂ ಕಂಡುಬರಲಿಲ್ಲ" ಎಂದು ವರದಿ ಬರೆದು ವಾಪಸು ಹೊರಡುವರು.

ಒಂದು ದಿನ ಅಕ್ಕನ ಊರು ಬಂತು.

"ಡಾಕ್ಟರಮ್ಮಾ, ಇದು ನಮ್ಮಕ್ಕನ ಊರು," ಎಂದ ನಿಧಾನಪ್ಪ. "ಅವಳಿಗೆ ನಿಜವಾಗ್ಲೂ ಕಣ್ಣು ಕಾಣಲ್ಲ."

ಡಾಕ್ಟರಮ್ಮನಿಗೆ ಅಯ್ಯೋ ಅನ್ನಿಸಿತು. "ಹಾಗಾದ್ರೆ ಬರಬೇಕಿತ್ತಲ್ಲಪ್ಪ! ಮನೆ ಬಾಗಿಲಿಗೇ ಬಂದಿದ್ದೀವಿ. ಇರಲಿ, ನಿನಗೋಸ್ಕರ ಸ್ವಲ್ಪ ಹೊತ್ತು ಕಾಯೋಣ."

ಎಲ್ಲರೂ ಕಾದರು. ಇದು ಕಾಂಪೌಂಡು ಎಂದು ನಿಧಾನಪ್ಪನಿಗೆ ಗೊತ್ತಿತ್ತು. ಆದರೆ ಬಾಯಿ ಬಿಟ್ಟು ಹೇಳಿದರೆ ಭತ್ಯೆ ಹೋಗುತ್ತಿತ್ತು, ಬಹುಶಃ ಕೆಲಸವೂ. ಏನು ಮಾಡಲೂ ತೋಚದೆ ಹಾರ್ನು ಒತ್ತಿ ಹಿಡಿದ. ಅಕ್ಕ ಬರಲಿಲ್ಲ.

ಕೊನೆಗೊಮ್ಮೆ ನಿಗದಿತ ದೂರ ಪೂರ್ತಿಯಾಯಿತು. ಮೇಡಂ ಖುದ್ದಾಗಿ ಬಂದು ಗೀರಿನ ಆಳ ಅಳೆದರು. ಕೂದಲೆಳೆಯಷ್ಟೂ ಸವೆದಿರಲಿಲ್ಲ. ಟೈರು ಆಯ್ಕೆ ಸಮಿತಿ ಮತ್ತೆ ಸೇರಿತು. ಇಷ್ಟು ದೂರ ಓಡಿಯೂ ಸವೆಯದ ಟೈರು ಯಾವ ಅಂಗಡಿಯಲ್ಲೂ ಸಿಗುವುದಿಲ್ಲವೆಂದು ಟೈರು ಅಂಗಡಿಯವನೇ ಪ್ರಮಾಣ ಮಾಡಿ ಹೇಳಿದ. ಆದ್ದರಿಂದ, ಹಳೆಯ ಟೈರುಗಳಿಗೆ ಬದಲಿಯಾಗಿ ಅದೇ ಹಳೆಯ ಟೈರುಗಳನ್ನು ಆರಿಸಲಾಯಿತು. ಅವುಗಳನ್ನು ಬಿಚ್ಚಿ, ತೊಳೆದು, ಮತ್ತೆ ಹಾಕಿದ್ದಕ್ಕೆ ಅಂಗಡಿಯವನು ಹೊಸ ಟೈರಿನ ಬೆಲೆಗೇ ಬಿಲ್ಲು ಕೊಟ್ಟ. ಮೊದಲು ನಕ್ಕವನು, ಬಿಲ್ಲು ಮಂಜೂರಾದ ಮೇಲೆ ನಗಲಿಲ್ಲ. ಪ್ರವಾಸಗಳನ್ನು ಇಟ್ಟಿಗೆಯ ಮೇಲೆಯೇ ಮುಂದುವರಿಸಲು ಆದೇಶವಾಯಿತು.

ಅಷ್ಟೂ ಹಳ್ಳಿಗಳಲ್ಲಿ ದೃಷ್ಟಿದೋಷವಿರುವ ಒಬ್ಬರೂ ಇಲ್ಲವೆಂದು ಸಾಬೀತಾದ್ದರಿಂದ, ಇಲಾಖೆ ಅಲ್ಲಿನ ಪ್ರತಿಯೊಬ್ಬರಿಗೂ ಪ್ರಮಾಣಪತ್ರ ಕಳಿಸಿತು.

ಅಕ್ಕ ಅದನ್ನು ಹಿಡಿದುಕೊಂಡು ಬಸ್ಸು ಹತ್ತಿ ಬಂದಳು. "ಏನೋ ಕಾಗದ ಬಂದಿದೆ ಕಣೋ, ಅಕ್ಷರ ಒಂದೂ ತಿಳೀತಿಲ್ಲ. ಓದು."

ನಿಧಾನಪ್ಪ ಓದಿದ. "ಇಲಾಖೆಯ ವಾಹನವು ಗ್ರಾಮಕ್ಕೆ ಬಂದು ಪರಿಶೀಲಿಸಿದಂತೆ, ಸದರಿಯವರ ದೃಷ್ಟಿಯು ಸಂಪೂರ್ಣ ನಿರ್ದುಷ್ಟವಾಗಿರುತ್ತದೆ."

"ಹೌದಾ?" ಎಂದಳು ಅಕ್ಕ. "ವ್ಯಾನು ನಮ್ಮೂರಿಗೆ ಬಂದಿತ್ತಂತಲ್ಲೋ. ನನಗೆ ಕಾಣಲೇ ಇಲ್ಲ."

"ಬಂದಿತ್ತಕ್ಕಾ. ಹಾರ್ನೂ ಹೊಡೆದೆ," ಎಂದ ಅವನು, ಅವಳ ಮುಖ ನೋಡದೆ.

"ಅಷ್ಟು ದೊಡ್ಡ ಇಲಾಖೆ ಸುಳ್ಳು ಹೇಳತ್ತಾ? ನಾನೇ ಕಣ್ಣು ಹೋಯ್ತು ಅಂತ ಹೆದರಿ ಸತ್ತಿದ್ದೆ." ಅಕ್ಕನಿಗೆ ನಿಜಕ್ಕೂ ಸಮಾಧಾನವಾಗಿತ್ತು. "ಹಾಗಾದ್ರೆ ಸೂಜಿಗಳದ್ದೇ ತಪ್ಪು. ಈಗಿನ ಸೂಜಿಗೆ ತೂತೇ ಇಡ್ತಿಲ್ಲ ಅನ್ನಿಸತ್ತೆ."

"ಹೂಂ ಅಕ್ಕಾ. ಈಗಿನ ಸೂಜಿಗಳೇ ಹಾಗೆ," ಎಂದ ನಿಧಾನಪ್ಪ.

ಅಕ್ಕ ಪ್ರಮಾಣಪತ್ರವನ್ನು ಜೋಪಾನವಾಗಿ ಮಡಚಿ ಚೀಲದೊಳಗಿಟ್ಟಳು. ಆಮೇಲೆ ಅವನು ಅವಳ ಕೈ ಹಿಡಿದು, ಮೆಟ್ಟಿಲಿದ್ದಲ್ಲಿ ಮೆಟ್ಟಿಲು ಎಂದು ಹೇಳುತ್ತ, ಗೇಟಿನ ತನಕ ನಡೆಸಿಕೊಂಡು ಹೋದ.