ಏಳು ಗಂಟೆಯವರು, ಒಂಬತ್ತೂವರೆಯವರು

ಕಾರ್ಯದರ್ಶಿ ಎಂಬ ಪದವಿ ಸಿಕ್ಕಿದ ಮನುಷ್ಯ ಸುಮ್ಮನೆ ಕೂರುವುದಿಲ್ಲ. ಹಿಂದಿನವರು ಮಾಡದ ಏನನ್ನಾದರೂ ಮಾಡಿ, ತಾನು ಇದ್ದದ್ದಕ್ಕೆ ಒಂದು ಗುರುತು ಬಿಟ್ಟುಹೋಗಬೇಕೆಂಬ ಚಪಲ ಹತ್ತುತ್ತದೆ. ನನಗೂ ಹತ್ತಿತು. ರಾಜಗೋಪಾಲನಗರದ ನಮ್ಮ ಪುಟ್ಟ ಚರ್ಚಿಗೆ ಕಾರ್ಯದರ್ಶಿಯಾದ ಮೊದಲ ವರ್ಷವೇ ಭಾನುವಾರಕ್ಕೆ ಎರಡನೆಯ ಆರಾಧನೆಯನ್ನು ತಂದೆ. ತಂದದ್ದು ತಪ್ಪೆಂದು ನಾನು ಈಗಲೂ ಹೇಳುವುದಿಲ್ಲ. ಆದರೆ ಅದರ ಸಂಭ್ರಮದಲ್ಲಿ ನಾನು ಮಾಡಿದ ಒಂದು ಕೆಲಸವನ್ನು ಯಾರಿಗಾದರೂ ಹೇಳಿಕೊಳ್ಳದೆ ಎದೆಯ ಭಾರ ಇಳಿಯುವಂತಿಲ್ಲ.

ಕಾರಣವೇನೋ ಗಟ್ಟಿಯಾಗಿಯೇ ಇತ್ತು. ಒಂದು ಕಡೆ ಲೇತ್ ವರ್ಕ್‌ಶಾಪು, ಇನ್ನೊಂದು ಕಡೆ ಹುಡುಗರ ಪಿ.ಜಿ., ನಡುವೆ ನಮ್ಮ ಚರ್ಚು. ಬೆಂಚುಗಳು ತುಂಬಿ, ಹೊರಗಿನ ಶಾಮಿಯಾನದ ಪ್ಲಾಸ್ಟಿಕ್ ಕುರ್ಚಿಗಳೂ ತುಂಬಿ, ತಡವಾಗಿ ಬಂದವರು ಚಪ್ಪಲಿ ರಾಶಿಯ ಮಧ್ಯೆ ನಿಂತು ಪ್ರಾರ್ಥಿಸುತ್ತಿದ್ದರು. ಪೀಣ್ಯದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರಿಗಂತೂ ಒಂಬತ್ತೂವರೆಯ ಆರಾಧನೆಯ ತನಕ ಕಣ್ಣು ಬಿಟ್ಟುಕೊಂಡಿರುವುದೇ ಕಷ್ಟ. ಹಾಗಾಗಿ ಬೆಳಿಗ್ಗೆ ಏಳಕ್ಕೆ ಇನ್ನೊಂದು ಆರಾಧನೆ ಎಂದು ತೀರ್ಮಾನವಾಯಿತು. ನಮ್ಮ ಸಭಾಪಾಲಕರಾದ ಅಯ್ಯನವರು ಅದಕ್ಕೆ ‘ಪ್ರಥಮ ಆರಾಧನೆ’ ಎಂದು ಗಂಭೀರವಾದ ಹೆಸರಿಟ್ಟರು. ಪೀಣ್ಯದ ಜನ ಕೇಳಬೇಕಲ್ಲ! ಮೊದಲ ವಾರದಿಂದಲೇ ಅದು ಫಸ್ಟ್ ಶಿಫ್ಟು, ನಮ್ಮದು ಸೆಕೆಂಡ್ ಶಿಫ್ಟು.

ಶುರು ಮಾಡುವುದು ಸುಲಭ. ಇದ್ದ ಜಾಗ ಬಿಟ್ಟು ಏಳು ಗಂಟೆಗೆ ಹೋಗುವವರು ಯಾರು? ಹೊಸ ಆರಾಧನೆ ಬೇಕೆಂದು ಕೈ ಎತ್ತಿದವರೆಲ್ಲ, ಅದಕ್ಕೆ ಪಕ್ಕದ ಬೆಂಚಿನವರು ಹೋಗಲಿ ಎಂಬ ಅರ್ಥದಲ್ಲಿ ಎತ್ತಿದ್ದರು. ನಾನೂ ಅಷ್ಟೆ. ಗಂಡಸರ ಕಡೆಯ ಮೂರನೆಯ ಬೆಂಚಿನಲ್ಲಿ, ಫ್ಯಾನಿನ ನೇರ ಕೆಳಗೆ, ಹದಿನೆಂಟು ವರ್ಷದಿಂದ ಕೂತವನು ನಾನು. ಪಕ್ಕದಲ್ಲಿ ಜಯಶೀಲಣ್ಣ. ಕಾರ್ಖಾನೆಯ ಲೇತ್ ಮೇಲೆ ಟರ್ನರ್ ಆಗಿ ದುಡಿದು ನಿವೃತ್ತರಾದವರು. ಯಂತ್ರದ ಸದ್ದಿನ ಮೇಲೆ ಮಾತಾಡಿ ಪಳಗಿದ ಆ ಕಂಠ ಕೀರ್ತನೆ ಎತ್ತಿಕೊಂಡರೆ ಕಿಟಕಿಯ ಗಾಜು ಅದುರಬೇಕು. ಅಯ್ಯನವರು ನಿಂತು ಪ್ರಸಂಗ ಮಾಡುವಾಗ ನನಗೆ ತೂಕಡಿಕೆ ಬಂದರೆ ಮೊಣಕೈಯಿಂದ ತಿವಿಯುವ ಹೊಣೆಯನ್ನೂ ಅವರೇ ಹೊತ್ತಿದ್ದರು. ಇಂಥವರು ಹೋದರೆ ಹೊಸ ಆರಾಧನೆಗೆ ಕಳೆ ಬರುತ್ತದೆಂದು ನಾನೇ ಪೂಸಿ ಹೊಡೆದೆ.

“ನೀವು ಹಿರಿಯರು, ಹೇಗೂ ಕತ್ತಲಲ್ಲೇ ಏಳ್ತೀರ. ನೀವು ಹೋದ್ರೆ ಹಿಂದೆ ನಾಲ್ಕು ಜನ ಬರ್ತಾರೆ ಅಣ್ಣ.”

“ನೀನೂ ಬರ್ತೀಯೇನಪ್ಪ?”

“ನಾನು ಕಾರ್ಯದರ್ಶಿ ಅಲ್ವಾ ಅಣ್ಣ, ಇಲ್ಲಿ ಇರ್ಬೇಕಾಗುತ್ತೆ.”

ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, “ಆಯ್ತು ಬಿಡು” ಎಂದರು.

ಮುಂದಿನ ಭಾನುವಾರದಿಂದ ಬೆಂಚು ವಿಶಾಲವಾಯಿತು. ಸುಳ್ಳು ಯಾಕೆ ಹೇಳಲಿ, ಹಾಯೆನಿಸಿತು. ತಿವಿಯುವವರಿಲ್ಲದೆ ಎಂಟು ಪ್ರಸಂಗಗಳಲ್ಲಿ ನಿಶ್ಚಿಂತೆಯಿಂದ ನಿದ್ದೆ ಮಾಡಿದೆ. ನನ್ನ ಹೆಂಡತಿ ಸುಗುಣ ಮಾತ್ರ ಒಂದು ದಿನ, “ರೀ, ಜಯಶೀಲಣ್ಣ ಕಾಣಿಸ್ತಾನೇ ಇಲ್ವಲ್ರೀ?” ಎಂದಳು. “ಅವ್ರು ಫಸ್ಟ್ ಶಿಫ್ಟು ಕಣೇ” ಎಂದು ಹೇಳಿ ಕಾಫಿ ಕುಡಿದೆ.

ಎರಡು ತಿಂಗಳಾದ ಮೇಲೆ ಕಮಿಟಿ ಸೇರಿತು. ಎರಡೂ ಹೊತ್ತು ಬೆಂಚುಗಳು ತುಂಬುತ್ತಿವೆ, ಸಭೆ ಬೆಳೆದಿದೆ ಎಂದು ನಾನು ಎದ್ದು ನಿಂತು ವರದಿ ಓದಿದೆ. ಚಪ್ಪಾಳೆ ಬಿತ್ತು. ಆಗ ಏಳು ಗಂಟೆಯ ಆರಾಧನೆಯ ಉಸ್ತುವಾರಿ ನೋಡುವ ಪ್ರಸನ್ನ ನಗುತ್ತ, “ಎಲ್ಲಾ ಸರಿ ಸಾರ್, ಜಯಶೀಲಣ್ಣನ್ನ ಮಾತ್ರ ನೀವು ವಾಪಸ್ ಎಳ್ಕೊಂಬಿಟ್ರಿ. ಒಂದೇ ವಾರ ಬಂದ್ರು. ‘ನಮ್ ಬೆಂಚಿಗೇ ಹೋಗ್ತೀನಿ ಕಣಪ್ಪ, ಅಲ್ಲೊಬ್ಬ ನಿದ್ದೆ ಮಾಡ್ತಾನೆ’ ಅಂದ್ಬಿಟ್ಟು ಹೋದ್ರು” ಎಂದ.

“ನಮ್ಮ ಕಡೆ ಬಂದೇ ಇಲ್ವಲ್ಲ” ಎಂದೆ.

ಪ್ರಸನ್ನನ ನಗು ನಿಂತಿತು. ಏಳು ಗಂಟೆಯವರು ಒಂಬತ್ತೂವರೆಯವರ ಮುಖ ನೋಡಿದರು, ನಾವು ಅವರ ಮುಖ ನೋಡಿದೆವು. ಕಾರ್ಖಾನೆಯಲ್ಲಿ ಬದಲಿಯವನು ಬಂದು ನಿಲ್ಲುವ ತನಕ ಹಿಂದಿನ ಪಾಳಿಯವನು ಯಂತ್ರ ಬಿಟ್ಟು ಕದಲುವಂತಿಲ್ಲ. ಒಬ್ಬ ಬಾರದಿದ್ದರೆ ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಸೂಪರ್‌ವೈಸರ್ ಬಾಯಿಗೆ ಬಂದಂತೆ ಬಯ್ಯುತ್ತಾನೆ, ಬಯ್ದುಕೊಂಡೇ ಮನೆಗೆ ಫೋನ್ ಮಾಡಿಸುತ್ತಾನೆ. ಶಿಫ್ಟು ಎಂಬ ಹೆಸರನ್ನು ಚರ್ಚಿಗೆ ತಂದ ನಮಗೆ ಈ ಪದ್ಧತಿಯನ್ನು ತರಲು ತೋಚಿರಲಿಲ್ಲ. ಫೋನ್ ಮಾಡೋಣವೆಂದರೆ ನನ್ನ ಮೊಬೈಲಿನಲ್ಲಿ ಅವರ ನಂಬರೇ ಇಲ್ಲ. ವಾರ ವಾರ ಭುಜಕ್ಕೆ ಭುಜ ತಾಗಿಸಿ ಕೂರುವವರ ನಂಬರ್ ಯಾರು ಬರೆದುಕೊಳ್ಳುತ್ತಾರೆ? ವರದಿಯನ್ನು ಮೇಜಿನ ಮೇಲೆ ಬಿಟ್ಟು ನಾನು ಅವರ ಮನೆಯ ಕಡೆ ನಡೆದೆ.

ಬಾಗಿಲು ತೆಗೆದವಳು ಅವರ ಮಗಳು ಗ್ರೇಸಿ. ಒಳಗೆ ಮಂಚದ ಮೇಲೆ ಜಯಶೀಲಣ್ಣ, ತೊಡೆಯಿಂದ ಪಾದದವರೆಗೆ ಬ್ಯಾಂಡೇಜು. ಮನೆಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದಿತ್ತು. ಮನುಷ್ಯ ಅರ್ಧವಾಗಿದ್ದರು.

“ಏಳು ವಾರ ಆಯ್ತು ಅಂಕಲ್” ಎಂದಳು ಗ್ರೇಸಿ. ಅವಳ ದನಿಯಲ್ಲಿ ಸಿಟ್ಟಿತ್ತು, ಇರಬೇಕಾದ್ದೇ. “ಚರ್ಚಿಗೆ ಹೇಳ್ಕಳಿಸ್ತೀನಿ ಅಂದ್ರೆ ಅಪ್ಪ ಬಿಡ್ಲಿಲ್ಲ. ‘ಹೇಳೋದೇನೂ ಬೇಡ, ನಾನು ವಾಪಸ್ ಬರೋದು ಪ್ರಸನ್ನ ಹೇಳಿರ್ತಾನೆ, ಭಾನುವಾರ ಬೆಂಚು ಖಾಲಿ ಕಂಡ್ರೆ ಅವನೇ ಓಡ್ಬರ್ತಾನೆ’ ಅಂತಾನೇ ಇದ್ರು.”

“ಸುಮ್ನಿರಮ್ಮ” ಎಂದು ಅವಳನ್ನು ತಡೆದು, ಜಯಶೀಲಣ್ಣ ನನ್ನ ಕಡೆ ಕೈ ಚಾಚಿದರು. “ಬಾರಪ್ಪ, ಬಾ. ಹುಷಾರಾದ್ಯಾ? ಮೂರನೇ ವಾರಾನೂ ನೀನು ಬರ್ಲಿಲ್ವಲ್ಲ, ಆಗ್ಲೇ ಗೊತ್ತಾಯ್ತು ನಂಗೆ, ನಿಂಗೇನೋ ದೊಡ್ಡ ಕಾಯಿಲೆ ಆಗಿದೆ ಅಂತ. ಇಲ್ದಿದ್ರೆ ಬರ್ದೇ ಇರೋನಾ ನೀನು? ಅವತ್ತಿಂದ ದಿನಾ ನಿಂಗೋಸ್ಕರ ಪ್ರಾರ್ಥನೆ ಮಾಡ್ತಿದೀನಿ.”

ಅಯ್ಯೋ, ಏನೆಂದು ಹೇಳಲಿ! ಗುಂಡುಕಲ್ಲಿನ ಹಾಗಿದ್ದೆ, ನಿಮ್ಮ ನೆನಪಾಗಲಿಲ್ಲ ಎಂದು ಹೇಳಬೇಕಿತ್ತು. ಆದರೆ “ಹೂಂ ಅಣ್ಣ, ಸ್ವಲ್ಪ ಜ್ವರ ಇತ್ತು” ಎಂದೆ. ಗ್ರೇಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಬಗ್ಗು ಇಲ್ಲಿ” ಎಂದರು ಜಯಶೀಲಣ್ಣ. ಬಗ್ಗಿದೆ. ತಲೆಯ ಮೇಲೆ ಕೈಯಿಟ್ಟು, ಸೊರಗಿದ ದನಿಯಲ್ಲಿ, ಈ ಜ್ವರ ಮತ್ತೆಂದೂ ಮರುಕಳಿಸದಿರಲೆಂದು, ಇಂಥ ಕಾರ್ಯದರ್ಶಿಯನ್ನು ಸಭೆಗೆ ಬಹುಕಾಲ ಉಳಿಸಿಕೊಡು ತಂದೆಯೇ ಎಂದು ಬೇಡಿದರು. ನನಗೆ ಅಳು ತಡೆಯಲಾಗಲಿಲ್ಲ. ಅದನ್ನು ಭಕ್ತಿ ಎಂದುಕೊಂಡ ಅವರು ಪ್ರಾರ್ಥನೆಯನ್ನು ಇನ್ನಷ್ಟು ಉದ್ದ ಮಾಡಿದರು. ಇಲ್ಲದ ಜ್ವರಕ್ಕೆ ನಾನು ಗಟ್ಟಿಯಾಗಿ ಆಮೆನ್ ಎಂದೆ.